ಆನೆ ಕೊಳ್ಳುವ ಮುನ್ನ ಮೇವಿನ ಲೆಕ್ಕ



ಸಂತೆಯಲ್ಲಾಗಲಿ, ಮದುವೆಯ ಮನೆಯಲ್ಲಾಗಲಿ, ಹಳೆಯ ವಿದ್ಯಾರ್ಥಿಗಳು ಎದುರಾದಾಗ ಈಗೀಗ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: "ಮೇಷ್ಟ್ರೇ, ಒಂದು ದೊಡ್ಡ ಗಾಡಿ ತಗೋಬೇಕು ಅಂತಿದ್ದೀನಿ. ಯಾವುದು ಒಳ್ಳೇದು?" ಜೀವಮಾನವಿಡೀ ಸೈಕಲ್ಲಿನಲ್ಲಿಯೂ ಸರ್ಕಾರಿ ಬಸ್ಸಿನಲ್ಲಿಯೂ ಓಡಾಡಿದ ಗಣಿತದ ಮೇಷ್ಟ್ರನ್ನು ಈ ಪ್ರಶ್ನೆ ಕೇಳುವುದೇ ವಿಚಿತ್ರ. ಆದರೂ ಯೋಚಿಸಿದರೆ, ಇದು ಯಂತ್ರದ ಪ್ರಶ್ನೆ ಎಂಬುದಕ್ಕಿಂತ ಹೆಚ್ಚಾಗಿ ಕೂಡುವ, ಕಳೆಯುವ, ಭಾಗಿಸುವ ಪ್ರಶ್ನೆ. ಆದ್ದರಿಂದ ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಇರುವವರು ದೊಡ್ಡ ವಾಹನವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಕಂಪನಿಯನ್ನಲ್ಲ, ಅದನ್ನು ರಿಪೇರಿ ಮಾಡುವ ಕಾರ್ಖಾನೆ ಎಷ್ಟು ದೂರದಲ್ಲಿದೆ ಎಂಬುದನ್ನು. ಎರಡನೆಯದಾಗಿ, ವರ್ಷಕ್ಕೆ ತಾವು ಎಷ್ಟು ಕಿಲೋಮೀಟರ್ ಓಡುತ್ತೇವೆ ಎಂಬುದನ್ನು. ಬೆಲೆಪಟ್ಟಿ ಮೂರನೆಯದು. ನಮ್ಮವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಕಷ್ಟ ಅಲ್ಲಿಂದಲೇ ಆರಂಭವಾಗುತ್ತದೆ.

ಹಿಂದೆ ಹೀಗಿರಲಿಲ್ಲ. ಜೀಪು, ಅಂಬಾಸಿಡರುಗಳ ಕಾಲದಲ್ಲಿ ಗಾಡಿ ಕೆಟ್ಟರೆ ಊರಿನ ಮೇಸ್ತ್ರಿಯೇ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ರೋಗ ಹೇಳುತ್ತಿದ್ದ. 1994ರಲ್ಲಿ ಸುಮೋ, 2000ದಲ್ಲಿ ಬಿಡದಿಯ ಕ್ವಾಲಿಸ್, 2002ರಲ್ಲಿ ಸ್ಕಾರ್ಪಿಯೋ, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚ್ಯೂನರ್ ಬಂದವು. ವಾಹನಗಳು ದೊಡ್ಡವಾಗುತ್ತ ಹೋದಂತೆ ಅವುಗಳೊಳಗಿನ ಗಣಕಯಂತ್ರಗಳೂ ಹೆಚ್ಚಿದವು. ಇಂದು ದೋಷ ಯಾವುದೆಂದು ತಿಳಿಯಲು ಕಂಪನಿಯದೇ ಉಪಕರಣವನ್ನು ಸಿಕ್ಕಿಸಿ ಪರದೆಯ ಮೇಲೆ ಓದಬೇಕು. ಆ ಉಪಕರಣವನ್ನೂ ಬಿಡಿಭಾಗಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ದೊರೆಯದಂತೆ ಮಾಡಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣ ಮೇಲ್ಮನವಿಗೆ ಹೋಯಿತು. ಆದರೆ ಆಯೋಗ ಅಂದು ಎತ್ತಿ ತೋರಿಸಿದ ತೊಂದರೆಯ ಭಾರ ಹೆಚ್ಚಾಗಿ ಬೀಳುವುದು ನಮ್ಮಂಥ ಸಣ್ಣ ಊರುಗಳ ಮೇಲೆಯೇ. ಬೆಂಗಳೂರಿನವನಿಗೆ ಅಧಿಕೃತ ಕಾರ್ಖಾನೆ ಪಕ್ಕದ ಬಡಾವಣೆಯಲ್ಲಿದ್ದರೆ, ನಮಗೆ ಹೆಚ್ಚಾಗಿ ಮೈಸೂರೇ ಗತಿ.

ಈಗ ಲೆಕ್ಕಕ್ಕೆ ಬರೋಣ. ಸ್ಲೇಟು ಬಳಪ ಹಿಡಿಯಿರಿ.

ಷೋರೂಮಿನ ಬೆಲೆ 25 ಲಕ್ಷ ರೂಪಾಯಿಯ ಒಂದು ಡೀಸೆಲ್ ವಾಹನವನ್ನು ತೆಗೆದುಕೊಳ್ಳೋಣ. ಸ್ಕಾರ್ಪಿಯೋ-ಎನ್, ಸಫಾರಿಗಳ ಮೇಲುದರ್ಜೆಯ ಮಾದರಿಗಳು ಈ ಬೆಲೆಯ ಆಸುಪಾಸಿನವು. ಫಾರ್ಚ್ಯೂನರ್ ಆದರೆ 30 ಲಕ್ಷವನ್ನು ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ವಾಹನಗಳಿಗೆ ಜಿಎಸ್‌ಟಿ ಶೇ. 40. ಅದಕ್ಕೂ ಮುಂಚೆ ಸೆಸ್ ಸೇರಿ ಶೇ. 50ರವರೆಗೂ ಇತ್ತು. ಅಂದರೆ ಆ 25 ಲಕ್ಷದಲ್ಲಿ ವಾಹನದ ಬೆಲೆ ಸುಮಾರು 17.86 ಲಕ್ಷ, ತೆರಿಗೆ 7.14 ಲಕ್ಷ. ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಇದೆ. 10ರಿಂದ 20 ಲಕ್ಷದವರೆಗಿನ ಕಾರಿಗೆ ಶೇ. 17, 20 ಲಕ್ಷ ಮೀರಿದ ಕಾರಿಗೆ ಶೇ. 18; ಆ ತೆರಿಗೆಯ ಮೇಲೆ ಸೆಸ್ ಬೇರೆ. ಎಲ್ಲ ಸೇರಿ ನಮ್ಮ ಉದಾಹರಣೆಯಲ್ಲಿ ಅದು 5 ಲಕ್ಷದ ಆಸುಪಾಸು. ಹೀಗೆ ಚಾಮರಾಜನಗರದ ಕೆಎ-10 ಫಲಕವನ್ನು ಕಟ್ಟಿಕೊಂಡು ಮನೆಗೆ ಬರುವ ಹೊತ್ತಿಗೆ, ವಿಮೆಯನ್ನು ಬಿಟ್ಟರೂ 30 ಲಕ್ಷ ಖರ್ಚಾಗಿರುತ್ತದೆ. ಅದರಲ್ಲಿ ಸುಮಾರು 12 ಲಕ್ಷ ಬರೀ ತೆರಿಗೆ. ಗಾಡಿಯನ್ನು ಮಾರುವ ದಿನ ಈ 12 ಲಕ್ಷಕ್ಕೆ ಕೊಳ್ಳುವವನು ಕೈಮುಗಿಯುವುದಿಲ್ಲ.

ಎಂಟು ವರ್ಷ ಇಟ್ಟುಕೊಂಡು 10 ಲಕ್ಷಕ್ಕೆ ಮಾರಿದಿರಿ ಎಂದು ಭಾವಿಸೋಣ. ಸವಕಳಿ 20 ಲಕ್ಷ. ವರ್ಷಕ್ಕೆ 2,50,000 ರೂಪಾಯಿ. ಕೊಳ್ಳುವಾಗ 20 ಲಕ್ಷ ಸಾಲವನ್ನು ಶೇ. 9ರ ಬಡ್ಡಿಗೆ ಏಳು ವರ್ಷಕ್ಕೆ ತೆಗೆದಿದ್ದರೆ ತಿಂಗಳ ಕಂತು ಸುಮಾರು 32,200. ಒಟ್ಟು ಬಡ್ಡಿ 7 ಲಕ್ಷ ಮೀರುತ್ತದೆ. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 88,000. ವಿಮೆಗೆ ಸರಾಸರಿ 60,000 ಇಡಿ. ವರ್ಷಕ್ಕೆ 12,000 ಕಿ.ಮೀ. ಓಡಿಸಿ, ಲೀಟರಿಗೆ 11 ಕಿ.ಮೀ. ಸಿಕ್ಕಿ, ಡೀಸೆಲ್ 90 ರೂಪಾಯಿ ಇದ್ದರೆ ಇಂಧನಕ್ಕೆ 98,000. ಸರ್ವಿಸ್, ಟೈರು, ಬ್ಯಾಟರಿಗಳಿಗೆ ಸರಾಸರಿ 50,000. ಕೂಡಿದರೆ 5,46,000 ರೂಪಾಯಿ. ತಿಂಗಳಿಗೆ 45,500, ಕಿಲೋಮೀಟರಿಗೆ 45 ರೂಪಾಯಿ 50 ಪೈಸೆ.

ಅಂಕಿಗಳನ್ನು ನಿಮ್ಮ ನಿಮ್ಮ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳಿ, ಕ್ರಮ ಬದಲಾಗದು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸವಕಳಿ, ಬಡ್ಡಿ, ವಿಮೆ ಈ ಮೂರೇ ಸುಮಾರು 4 ಲಕ್ಷ. ಗಾಡಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೂ ಇವು ತಪ್ಪುವುದಿಲ್ಲ. ಆದ್ದರಿಂದ ವರ್ಷಕ್ಕೆ 6,000 ಕಿ.ಮೀ. ಮಾತ್ರ ಓಡಿಸುವವನಿಗೆ ಕಿಲೋಮೀಟರಿಗೆ 79 ರೂಪಾಯಿ ಬೀಳುತ್ತದೆ, 24,000 ಓಡಿಸುವವನಿಗೆ 29. ನಮ್ಮಲ್ಲಿ ಚರ್ಚೆಯೆಲ್ಲ ಮೈಲೇಜಿನ ಮೇಲೆ ನಡೆಯುತ್ತದೆ. ಆದರೆ ಒಟ್ಟು ಖರ್ಚಿನಲ್ಲಿ ಇಂಧನದ ಪಾಲು ಐದನೆಯ ಒಂದು ಭಾಗವೂ ಇಲ್ಲ!

ಇನ್ನು ಕಾರ್ಖಾನೆಯ ದೂರ. ಗುಂಡ್ಲುಪೇಟೆಯಿಂದ ಬೇಗೂರು, ನಂಜನಗೂಡಿನ ಮೇಲೆ ಮೈಸೂರಿಗೆ ಸುಮಾರು 60 ಕಿ.ಮೀ.; ಚಾಮರಾಜನಗರದಿಂದಲೂ ಹೆಚ್ಚುಕಡಿಮೆ ಅಷ್ಟೇ. ಹೋಗಿಬರಲು 120. ಡೀಸೆಲ್ ಖರ್ಚು ಸಾವಿರ ರೂಪಾಯಿ, ಅದು ದೊಡ್ಡದಲ್ಲ. ಸಾಮಾನ್ಯವಾಗಿ ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ ಬರುವ ಸರ್ವಿಸ್‌ಗೆ ಹೋಗಿಬರುವುದೂ ಕಷ್ಟವಲ್ಲ. ಕಷ್ಟ ಬರುವುದು ಅನಿರೀಕ್ಷಿತವಾಗಿ ಕೆಟ್ಟಾಗ. ನಮ್ಮ ಬಂಧುಗಳೊಬ್ಬರು ಅರಿಶಿನದ ಫಸಲು ಚೆನ್ನಾಗಿ ಬಂದ ವರ್ಷ ಒಂದು ದೊಡ್ಡ ವಾಹನ ಕೊಂಡರು. ಹಿಂದಿನ ಚಕ್ರದ ಬಳಿ ಒಂದು ಸದ್ದು. ಮೊದಲ ಸಲ ಹೋದಾಗ "ಸದ್ದೇ ಇಲ್ಲವಲ್ಲ" ಎಂದರು. ಎರಡನೆಯ ಸಲ, "ಬಿಡಿಭಾಗ ತರಿಸಬೇಕು, ಹದಿನೈದು ದಿನ ಬಿಟ್ಟು ಬನ್ನಿ" ಎಂದರು. ಮೂರನೆಯ ಸಲ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದು, ಎರಡು ದಿನದ ಮೇಲೆ ಮತ್ತೆ ಬಸ್ಸಿನಲ್ಲಿ ಹೋಗಿ ತಂದರು. ಕೊಯ್ಲಿನ ಕಾಲದಲ್ಲಿ ನಾಲ್ಕು ದಿನಗಳ ಕೆಲಸ ಹಾಳು. ವಾರಂಟಿ ಇದ್ದುದರಿಂದ ಬಿಲ್ಲು ಸೊನ್ನೆ. "ಒಂದು ಪೈಸೆಯೂ ಖರ್ಚಾಗಲಿಲ್ಲ" ಎಂದು ಅವರು ಹೇಳಿಕೊಂಡಾಗ ನನಗೆ ನಗು ಬರಲಿಲ್ಲ.

ಸಣ್ಣ ಊರಿನ ಓಡಾಟಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಡೀಲರುಗಳು ತಾವಾಗಿ ಹೇಳುವುದು ಅಪರೂಪ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಶೋಧಕವಿರುತ್ತದೆ. ಹಿಡಿದ ಮಸಿ ಸುಟ್ಟುಹೋಗಲು ಅದು ಚೆನ್ನಾಗಿ ಕಾಯಬೇಕು; ಕಾಯಲು ಹೆದ್ದಾರಿಯಲ್ಲಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಮಂಡಿಗೆ, ಮಂಡಿಯಿಂದ ಮನೆಗೆ ಎಂದು ದಿನಕ್ಕೆ ನಾಲ್ಕೇ ಕಿಲೋಮೀಟರ್ ಓಡುವ ಡೀಸೆಲ್ ಗಾಡಿಯಲ್ಲಿ ಮಸಿ ಕಟ್ಟಿಕೊಂಡು ದೀಪ ಹೊತ್ತಿಕೊಳ್ಳುತ್ತದೆ. ಆಗ ಮತ್ತೆ ಮೈಸೂರು. ಅಂಥವರು ಡೀಸೆಲ್ಲಿನ ಗೋಜಿಗೇ ಹೋಗದಿರುವುದು ಮೇಲು.

ಕಂಪನಿಯೇ ಊರು ಬಿಟ್ಟರೆ? ಅದೂ ಆಗಿದೆ. ಷೆವರ್ಲೆ ಕಾರುಗಳ ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫಾರ್ಚ್ಯೂನರಿಗೆ ಸಮಸಮನಾಗಿ ನಿಂತಿದ್ದ ಎಂಡೆವರ್ ವಾಹನದ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಗ್ರಾಹಕರಿಗೆ ಸೇವೆ ಮುಂದುವರಿಸುವ ಭರವಸೆಯನ್ನೇನೋ ಕೊಟ್ಟಿತು. ಆದರೆ ಹೊಸ ಗಾಡಿ ಮಾರದ ಅಂಗಡಿ ಹಳೆಯ ಗಾಡಿಗಾಗಿ ಎಷ್ಟು ದಿನ ದೀಪ ಹಚ್ಚಿಟ್ಟೀತು? ದೊಡ್ಡ ನಗರದವನು ಹೇಗೋ ನಿಭಾಯಿಸುತ್ತಾನೆ, 60 ಕಿ.ಮೀ. ದೂರದವನಿಗೆ ಆ ದೂರ ಇನ್ನಷ್ಟು ಬೆಳೆಯುತ್ತದೆ.

ಹಾಗಾದರೆ ದೊಡ್ಡ ಗಾಡಿಯೇ ಬೇಡವೇ? ಹಾಗೆ ಹೇಳಲಾರೆ. ವಾರಕ್ಕೆರಡು ಸಲ ಬಂಡೀಪುರದ ದಾರಿಯಲ್ಲಿ ಊಟಿಗೋ ವಯನಾಡಿಗೋ ವ್ಯಾಪಾರಕ್ಕೆ ಹೋಗುವವರು, ತೋಟದ ಕಚ್ಚಾದಾರಿಯಲ್ಲಿ ದಿನವೂ ಓಡಾಡುವವರು, ಮನೆಯಲ್ಲಿ ಏಳೆಂಟು ಜನರಿರುವವರು ಕೊಳ್ಳಲಿ. ಅವರ ಕಿಲೋಮೀಟರೇ ಖರ್ಚನ್ನು ಹಂಚಿಕೊಳ್ಳುತ್ತದೆ. ಕಚ್ಚಾದಾರಿಯವರಿಗೆ ಸ್ಕಾರ್ಪಿಯೋ-ಎನ್, ಫಾರ್ಚ್ಯೂನರುಗಳಂತೆ ಪ್ರತ್ಯೇಕ ಉಕ್ಕಿನ ಚಾಸಿಯ ಮೇಲೆ ಕುಳಿತ ಗಾಡಿ ಒಗ್ಗುತ್ತದೆ. ಹೆದ್ದಾರಿಯವರಿಗೆ ಸಫಾರಿಯಂತೆ ಮೈಯೂ ಚೌಕಟ್ಟೂ ಒಂದೇ ಆಗಿರುವುದು ಸುಖ. ಆದರೆ ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟ, ಎರಡು ಮದುವೆ, ಒಂದು ಗೃಹಪ್ರವೇಶ ಇಷ್ಟಕ್ಕಾಗಿ ಏಳು ಸೀಟಿನ ಗಾಡಿಯನ್ನು ಕೊಳ್ಳುವವರು ಆಯಾ ದಿನಗಳಿಗೆ ಬಾಡಿಗೆ ಇನ್ನೋವಾ ಮಾಡಿಕೊಂಡರೆ ಸಾಕು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ದರ ಕೇಳಿ, ಚಾಲಕನ ಭತ್ಯೆಯನ್ನೂ ಸೇರಿಸಿ, ಮೇಲಿನ 79 ರೂಪಾಯಿಯ ಪಕ್ಕದಲ್ಲಿಟ್ಟು ನೋಡಿ. ಅಂತಸ್ತಿಗಾಗಿ ಕೊಳ್ಳುತ್ತೇನೆ ಎನ್ನುವವರಿಗೆ ಒಂದು ಮಾತು: ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ಯಾವ ಗಾಡಿಯಲ್ಲಿ ಬಂದವರೂ ಕೆಳಗೆ ಇಳಿದು ಸರ್ಕಾರಿ ಬಸ್ಸನ್ನೇ ಹತ್ತಬೇಕು.

ಕೊಳ್ಳುವುದೇ ಖಚಿತವಾದರೆ ಕೆಲವು ಮಾತು ನೆನಪಿಡಿ. ಷೋರೂಮಿಗೆ ಹೋಗುವ ಮುನ್ನ ಒಂದು ಶನಿವಾರ ಅದೇ ಡೀಲರಿನ ಸರ್ವಿಸ್ ವಿಭಾಗದಲ್ಲಿ ಎರಡು ಗಂಟೆ ಕುಳಿತು ಬನ್ನಿ. ಗಾಡಿ ಬಿಡಲು ಬಂದವರು, ಒಯ್ಯಲು ಬಂದವರು ಏನು ಮಾತಾಡಿಕೊಳ್ಳುತ್ತಾರೆಂದು ಕೇಳಿಸಿಕೊಳ್ಳಿ. ಜಾಹೀರಾತು ಹೇಳದ್ದನ್ನು ಅವರು ಹೇಳುತ್ತಾರೆ. ವಿಮೆಯನ್ನು ಡೀಲರಿನ ಬಳಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ನಾಲ್ಕು ಕಡೆ ದರ ಕೇಳಿ. ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ; ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ ಪ್ರತಿಯನ್ನು ಪಡೆಯಿರಿ. ಅಂದಾಜು ವೆಚ್ಚವನ್ನು ಲಿಖಿತವಾಗಿ ಕೇಳಿ. ಬದಲಿಸಿದ ಹಳೆಯ ಭಾಗಗಳನ್ನು ಕಣ್ಣಾರೆ ನೋಡಿ.

ಇಷ್ಟಾದರೂ ನ್ಯಾಯ ಸಿಗದಿದ್ದರೆ ಮೈಸೂರಿನ ಡೀಲರಿನ ಮೇಲೆ ಮೈಸೂರಿಗೇ ಅಲೆದು ದಾವೆ ಹೂಡಬೇಕೆಂದೇನೂ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ಮಾಡುತ್ತದೆ. ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ವ್ಯಾಪಾರಕ್ಕೆಂದೇ ಕೊಂಡ ವಾಹನಕ್ಕೆ ಈ ರಕ್ಷಣೆ ಇಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡಿದ್ದರೆ ಇದೆ. ಮೊದಲು 1915ಕ್ಕೆ ಕರೆ ಮಾಡಿ ಕೇಳಿಕೊಳ್ಳುವುದೂ ಒಳ್ಳೆಯದು. ಈ ಹಕ್ಕನ್ನು ಸಾಧಿಸಲು ಬೇಕಾದದ್ದು ಕಾಗದಪತ್ರ. ಜಾಬ್ ಕಾರ್ಡಿನ ಪ್ರತಿಗೆ ನಾನು ಒತ್ತು ಕೊಟ್ಟದ್ದು ಅದಕ್ಕಾಗಿಯೇ.

ಹೊಲವನ್ನು ಅಡವಿಟ್ಟು ಗಾಡಿ ಕೊಂಡು, ಕಂತು ಕಟ್ಟಲಾಗದೆ ಗಾಡಿಯನ್ನೂ ಕಳೆದುಕೊಂಡ ಮನೆಗಳನ್ನು ನಾನು ನಮ್ಮ ಸೀಮೆಯಲ್ಲಿ ಕಂಡಿದ್ದೇನೆ. ಅವರಲ್ಲಿ ಲೆಕ್ಕ ಬಾರದವರು ಯಾರೂ ಇರಲಿಲ್ಲ, ಕೆಲವರು ನನ್ನ ತರಗತಿಯಲ್ಲಿ ನೂರಕ್ಕೆ ತೊಂಬತ್ತು ತೆಗೆದವರೇ. ಬಂದ ಲೆಕ್ಕವನ್ನು ಷೋರೂಮಿನ ಬಾಗಿಲಲ್ಲಿ ಮಾಡಲಿಲ್ಲ, ಅಷ್ಟೆ. ಆದ್ದರಿಂದ ಗಾಡಿ ಕೊಂಡ ದಿನವೇ ಒಂದು ನೋಟುಪುಸ್ತಕ ಇಡಿ. ಡೀಸೆಲ್, ಸರ್ವಿಸ್, ವಿಮೆ, ಹಾಳಾದ ದಿನಗಳು, ಎಲ್ಲವನ್ನೂ ಬರೆಯಿರಿ. ವರ್ಷದ ಕೊನೆಗೆ ಕೂಡಿ, ಕಿಲೋಮೀಟರಿನಿಂದ ಭಾಗಿಸಿ. ನಿಮ್ಮ ಮುಂದಿನ ಗಾಡಿ ಯಾವುದೆಂದು ನನ್ನನ್ನು ಕೇಳಬೇಕಾಗುವುದಿಲ್ಲ. ಆ ಪುಸ್ತಕವೇ ಹೇಳುತ್ತದೆ.