ಒಂದೇ ಹೆಗಲಿಗೆ ಮಂಚ ಹೊರಿಸಬೇಡಿ



ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಆರಂಭಿಸಿದ ಈ ದಿನದಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಒಳ್ಳೆಯದು. ಆದರೆ ಗಾಲಿಕುರ್ಚಿಯನ್ನು ದೂಡಿಕೊಂಡು ಬಂದ ಸೊಸೆಯನ್ನೋ ಮಗಳನ್ನೋ, "ನೆಮ್ಮದಿಯಾಗಿ ನಿದ್ರಿಸಿ ಎಷ್ಟು ದಿನವಾಯಿತಮ್ಮಾ?" ಎಂದು ಕೇಳುವವರಾರು? ನಾವು ಕೇಳುವುದಿಲ್ಲ, ಹೊಗಳುತ್ತೇವೆ. "ಎಂಥ ತ್ಯಾಗಮಯಿ!" ಎನ್ನುತ್ತೇವೆ. ಆ ಹೊಗಳಿಕೆಯೇ ಅವಳ ಬಾಯಿಗೆ ಬೀಗವಾಗುತ್ತದೆ.

"ಮನೆಯವರಿದ್ದೂ ಸಂಬಳದ ದಾದಿಯೇಕೆ?" ಎಂಬ ಮಾತು ಭಕ್ತಿಯಂತೆ ಕೇಳಿಸಿದರೂ ಶುಭಸಂದೇಶಕ್ಕೆ ಒಪ್ಪುವಂಥದಲ್ಲ. ಸಂತ ಲೂಕನ 10ನೆಯ ಅಧ್ಯಾಯದ ಸಾಮತಿಯನ್ನು ಮತ್ತೊಮ್ಮೆ ಓದಿರಿ. ಸಮಾರಿಯದವನು ಗಾಯ ಕಟ್ಟಿದ, ಛತ್ರಕ್ಕೆ ಒಯ್ದು ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಉಳಿದ ಆರೈಕೆಯನ್ನು ಒಪ್ಪಿಸಿದ; ಹೆಚ್ಚು ಖರ್ಚಾದರೆ ಹಿಂದಿರುಗಿ ತೀರಿಸುವೆನೆಂದ. ಹಣ ಕೊಟ್ಟು ನೆರವು ಪಡೆದ ಅವನನ್ನೇ ಪ್ರಭು ಯೇಸು ನಿಜವಾದ ನೆರೆಯವನೆಂದು ತೋರಿಸಿದರು.

ಪ್ರೀತಿಯೊಂದೇ ಎಲ್ಲವನ್ನೂ ಕಲಿಸಲಾರದು. ಪಾರ್ಶ್ವವಾಯು ಪೀಡಿತರ ಮಗ್ಗುಲನ್ನು ಆಗಾಗ ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ನುಂಗಲಾರದವರಿಗೆ ಅವಸರದಲ್ಲಿ ಉಣಿಸಿದರೆ ಅನ್ನ ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗಬಹುದು. ಇವು ಕಲಿತವರಿಂದ ಕಲಿಯಬೇಕಾದ ವಿದ್ಯೆಗಳು. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾಸ್ಪತ್ರೆಯಿದೆ, ಕೆ.ಎಲ್.ಇ. ಆಸ್ಪತ್ರೆಯಿದೆ, ನರ್ಸಿಂಗ್ ಹಾಗೂ ಫಿಸಿಯೋಥೆರಪಿ ಕಾಲೇಜುಗಳಿವೆ. ರೋಗಿಯನ್ನು ಮನೆಗೆ ಕರೆತರುವ ಮುನ್ನವೇ ಕೇಳಿರಿ: ಮನೆಯಲ್ಲಿ ಏನು ಮಾಡಬೇಕು, ಯಾರು ಕಲಿಸುವರು, ತೊಂದರೆಯಾದರೆ ಯಾರಿಗೆ ತಿಳಿಸಬೇಕು? ವೈದ್ಯರು, ದಾದಿ, ಫಿಸಿಯೋಥೆರಪಿಸ್ಟ್, ಆಪ್ತಸಮಾಲೋಚಕರ ದೂರವಾಣಿ ಸಂಖ್ಯೆಗಳನ್ನೂ ಔಷಧಗಳ ವೇಳೆಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿರಿ.

"ಅದೆಲ್ಲ ನಗರದವರಿಗೆ, ಖಾನಾಪುರದ ಕಾಡಂಚಿನವರಿಗೆ?" ಎನ್ನಬಹುದು. ನ್ಯಾಯವಾದ ಪ್ರಶ್ನೆ. 2024ರ ಮಳೆಗಾಲದಲ್ಲಿ ಆ ತಾಲ್ಲೂಕಿನ ಅಮಗಾಂವದ ಮಹಿಳೆಯೊಬ್ಬರನ್ನು ಊರವರು ಮರದ ಸ್ಟ್ರೆಚರ್ ಮೇಲೆ ಕಾಡುದಾರಿಯಲ್ಲಿ ಹೊತ್ತು ತರಬೇಕಾಯಿತು. ರಸ್ತೆಗಾಗಿ ಸರಕಾರವನ್ನು ಕೇಳಲೇಬೇಕು. ಆದರೆ ಅಲ್ಲಿ ಸ್ಟ್ರೆಚರನ್ನು ಒಬ್ಬನೇ ಹೊರಲೆಂದು ಯಾರೂ ಹೇಳಲಿಲ್ಲ ಎಂಬುದನ್ನೂ ಗಮನಿಸಿರಿ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆ, ಇವರಿಂದಲೇ ತಂಡ ಆರಂಭವಾಗಲಿ. ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416, ಹಿರಿಯರ ವಿಷಯಕ್ಕೆ 14567. ಇವೆರಡೂ ಉಚಿತ ಕರೆಗಳು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ವೇತನವಿಲ್ಲದೆ ಆರೈಕೆ ಮಾಡುವ ಮನೆಯವರನ್ನೂ 'ಆರೈಕೆದಾರರು' ಎಂದು ಹೆಸರಿಸಿ ಗುರುತಿಸಿದೆ. ದೇಶದ ಕಾನೂನು ಗುರುತಿಸಿದವರನ್ನು ನಮ್ಮ ಧರ್ಮಕೇಂದ್ರಗಳು ಇನ್ನೂ ಎಣಿಸಿಯೂ ಇಲ್ಲವೆಂದರೆ ಅದು ನಾಚಿಕೆಯಲ್ಲವೇ? ಹಬ್ಬದ ಪಟಾಕಿಗೆ, ದೀಪಾಲಂಕಾರಕ್ಕೆ ಚಂದಾ ಎತ್ತಬಲ್ಲ ನಮಗೆ ಬಡಕುಟುಂಬವೊಂದರ ದಾದಿಯ ಸಂಬಳದಲ್ಲಿ ಪಾಲು ಕೊಡಲಾಗದೇ? ಹಣವಿಲ್ಲದವರು ವಾರಕ್ಕೆ ಒಂದು ಮಧ್ಯಾಹ್ನ ರೋಗಿಯ ಬಳಿ ಕುಳಿತು, ಆ ತಾಯಿಗೆ ಬಲಿಪೂಜೆಗೋ ನಿದ್ರೆಗೋ ಬಿಡುವು ಕೊಡಲಾಗದೇ?

ಆರೈಕೆ ಮಾಡುತ್ತಿರುವವರೇ, ನೆರವು ಕೇಳುವುದು ನಿಮ್ಮ ಪ್ರೀತಿಯ ಸೋಲಲ್ಲ. ನೀವು ಕುಸಿದರೆ ಮಂಚದ ಮೇಲಿರುವವರಿಗೂ ದಿಕ್ಕಿಲ್ಲ. ಪಾರ್ಶ್ವವಾಯು ರೋಗಿಯನ್ನು ಪ್ರಭುವಿನ ಬಳಿಗೆ ಹೊತ್ತು ತಂದವರು ನಾಲ್ವರು. ಇಂದು ಮಂಚದ ಒಂದು ಮೂಲೆ ನಿಮ್ಮ ಹೆಗಲ ಮೇಲಿದೆ; ಉಳಿದ ಮೂರು ಮೂಲೆಗಳಿಗೆ ಹೆಗಲು ಕೊಡುವುದು ನಮ್ಮೆಲ್ಲರ ಕರ್ತವ್ಯ.