ದೂರದಿಂದ ಕಚೇರಿ ಕೆಲಸ: ಎರಡನೆಯ ಪರದೆ ದುಂದುವೆಚ್ಚವಲ್ಲ

ಮಳೆಗಾಲದಲ್ಲಿ ಬಿಸಿಲೆ, ಹೆತ್ತೂರು ಭಾಗದ ಕಾಫಿ, ಮೆಣಸು, ಏಲಕ್ಕಿ ವ್ಯಾಪಾರಿಗಳು ದಿನವೂ ಸಕಲೇಶಪುರದ ಮಳಿಗೆಗೆ ಹೋಗಿಬರುವುದು ಸುಲಭವಲ್ಲ. ಮನೆಯಲ್ಲಿದ್ದೇ ಮಳಿಗೆಯ ಗಣಕಯಂತ್ರವನ್ನು ನಡೆಸಬಹುದಾದ ‘ರಿಮೋಟ್ ಡೆಸ್ಕ್‌ಟಾಪ್’ ವ್ಯವಸ್ಥೆ ಇಂಥವರಿಗೆ ವರದಾನವೇ ಸರಿ. ಆದರೆ ಇಡೀ ಮಳಿಗೆಯ ವ್ಯವಹಾರವನ್ನು ಲ್ಯಾಪ್‌ಟಾಪಿನ ಒಂದೇ ಚಿಕ್ಕ ಪರದೆಯಲ್ಲಿ ತುರುಕುವುದು ನಿಜವಾದ ಮಿತವ್ಯಯವಲ್ಲ.

ಕಾಫಿ ಮಂಡಳಿಯ ಒಟ್ಟು ಸಂಗ್ರಹ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಂದಿನಿಂದ ಲಂಡನ್ನಿನ ರೊಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರಗಳನ್ನು ಗಮನಿಸುವ ಹೊಣೆ ಬೆಳೆಗಾರ ಹಾಗೂ ವ್ಯಾಪಾರಿಗಳದೇ ಆಗಿದೆ. ಇದರೊಂದಿಗೆ 2017ರ ಜುಲೈ 1ರಿಂದ ಜಿಎಸ್‌ಟಿ, 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಸೇರಿಕೊಂಡವು. ಲೆಕ್ಕದ ತಂತ್ರಾಂಶದಲ್ಲಿ ಕಂಡ ಸಂಖ್ಯೆಯನ್ನು ನೆನಪಿನಲ್ಲಿಟ್ಟು, ಆ ಕಿಟಕಿ ಮುಚ್ಚಿ, ಮತ್ತೊಂದರಲ್ಲಿ ನಮೂದಿಸುವಾಗಲೇ ತಪ್ಪುಗಳು ನುಸುಳುತ್ತವೆ. ವಾಹನದ ಸಂಖ್ಯೆಯಲ್ಲಿ ಒಂದೆರಡು ಅಕ್ಷರ ತಪ್ಪಿದರೆ, 2018ರ ಸೆಪ್ಟೆಂಬರ್ ಸುತ್ತೋಲೆಯಂತೆ, ಕೇಂದ್ರ ಮತ್ತು ರಾಜ್ಯದ ಲೆಕ್ಕದಲ್ಲಿ ತಲಾ 500 ರೂಪಾಯಿ ದಂಡ. ತಪ್ಪು ಅದಕ್ಕಿಂತ ದೊಡ್ಡದಾದರೆ ಲಾರಿಯೇ ರಸ್ತೆಯಲ್ಲಿ ನಿಲ್ಲಬಹುದು. ಬಿಲ್ಲು ಒಂದು ಪರದೆಯಲ್ಲಿ, ನಮೂನೆ ಇನ್ನೊಂದರಲ್ಲಿ ಎದುರೆದುರೇ ಇದ್ದರೆ ಈ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ.

ಇದಕ್ಕಾಗಿ ಮಳಿಗೆಯಲ್ಲಿಯೂ ಎರಡು ಮಾನಿಟರ್ ಬೇಕೆಂಬುದು ತಪ್ಪು ಕಲ್ಪನೆ. ಅವು ಬೇಕಾದುದು ಕುಳಿತು ಕೆಲಸ ಮಾಡುವ ಮನೆಯಲ್ಲಿ ಮಾತ್ರ. ಸಂಪರ್ಕಕ್ಕೆ ಮುನ್ನ ‘ಡಿಸ್‌ಪ್ಲೇ’ ವಿಭಾಗದಲ್ಲಿ ಎಲ್ಲ ಮಾನಿಟರ್‌ಗಳನ್ನು ಬಳಸುವ ಆಯ್ಕೆಗೆ ಗುರುತು ಹಾಕಿದರೆ ಸಾಕು. ಹಿಂದೆ ಎರಡು ಪರದೆಗಳನ್ನೂ ಒಂದೇ ಉದ್ದನೆಯ ಪರದೆಯಂತೆ ಎಳೆಯಲಾಗುತ್ತಿತ್ತು. 2009ರಲ್ಲಿ ಬಂದ ವಿಂಡೋಸ್ 7ರಿಂದ ಪ್ರತಿಯೊಂದೂ ಪ್ರತ್ಯೇಕ ಪರದೆಯಾಗಿಯೇ ವರ್ತಿಸುತ್ತದೆ. ಆದರೆ ಮಳಿಗೆಯ ಯಂತ್ರದಲ್ಲಿ ವಿಂಡೋಸಿನ ‘ಪ್ರೊ’ ಆವೃತ್ತಿ ಇರಬೇಕು. ‘ಹೋಮ್’ ಆವೃತ್ತಿಯು ಇಂಥ ಸಂಪರ್ಕವನ್ನು ಸ್ವೀಕರಿಸುವುದಿಲ್ಲ.

ಮಲೆನಾಡಿನ ದುರ್ಬಲ ಅಂತರ್ಜಾಲ ಎರಡು ಪರದೆಗಳನ್ನು ತಾಳೀತೇ ಎಂಬ ಆಕ್ಷೇಪ ಸಹಜವೇ. ಈ ವ್ಯವಸ್ಥೆಯು ಪರದೆಯಲ್ಲಿ ಬದಲಾದ ಭಾಗವನ್ನಷ್ಟೇ ಕಳುಹಿಸುವುದರಿಂದ ಸ್ಥಿರವಾಗಿ ನಿಂತ ಲೆಕ್ಕಪಟ್ಟಿ ಹೆಚ್ಚಿನ ಹೊರೆಯಾಗದು. ವಿದ್ಯುತ್ತು ಹೋಗಿ ಮನೆಯ ಸಂಪರ್ಕ ಕಡಿದರೂ, ಮಳಿಗೆಯ ಯಂತ್ರ ಚಾಲನೆಯಲ್ಲಿರುವವರೆಗೆ ತೆರೆದಿಟ್ಟ ಕೆಲಸ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಮೂರನೆಯ ಪರದೆಗೆ ಹಾಕುವ ಹಣವನ್ನು ಮಳಿಗೆಯ ಯುಪಿಎಸ್‌ಗೆ ವಿನಿಯೋಗಿಸುವುದೇ ಜಾಣತನ.

ಸೌಕರ್ಯಕ್ಕಿಂತ ಮಿಗಿಲಾದುದು ಸುರಕ್ಷತೆ. ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು ಗೋದಾಮಿನ ಬಾಗಿಲನ್ನು ರಾತ್ರಿಯಿಡೀ ತೆರೆದಿಟ್ಟಂತೆ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ಬ್ಲೂಕೀಪ್’ ದೋಷದಿಂದ ಹಳೆಯ ವಿಂಡೋಸ್ ಯಂತ್ರಗಳಿಗೆ ಗುಪ್ತಪದವಿಲ್ಲದೆಯೇ ನುಗ್ಗಲು ಸಾಧ್ಯವಿತ್ತು. ವಿಪಿಎನ್ ಮೂಲಕವೇ ಸಂಪರ್ಕಿಸುವುದು, ಬಲವಾದ ಗುಪ್ತಪದ ಇಡುವುದು, ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಅತ್ಯವಶ್ಯ.

ವರ್ತಕರು ತಕ್ಕಡಿಯ ನಿಖರತೆಗೆ ಕೊಡುವ ಗಮನವನ್ನೇ ಗಣಕದ ಮೇಜಿಗೂ ಕೊಡಬೇಕಾಗಿದೆ. ಮೊದಲು ಬಾಗಿಲಿಗೆ ಬೀಗ, ಅನಂತರ ಎರಡನೆಯ ಪರದೆ: ಈ ಕ್ರಮದಲ್ಲಿ ಮಾಡಿದ ವೆಚ್ಚ ವ್ಯರ್ಥವಾಗದು.