ದೊಡ್ಡ ಪರದೆ ಕೊಳ್ಳುವ ಮುನ್ನ

ಪಾಲಕರೇ, ಫೋಟೊ, ವಿಡಿಯೊ ಎಡಿಟಿಂಗ್ ಕಲಿಯಲು ಮಗಳು ದೊಡ್ಡ ಮಾನಿಟರ್ ಕೇಳುತ್ತಿದ್ದಾಳೆಯೇ? ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹೊರಡುವ ಮೊದಲು ಇಷ್ಟು ತಿಳಿದಿರಲಿ.

27 ಇಂಚಿನ ಪರದೆಯಲ್ಲಿ 1920×1080 ಚುಕ್ಕೆಗಳಿದ್ದರೆ ಇಂಚಿಗೆ ಸುಮಾರು 82 ಮಾತ್ರ. ಹತ್ತಿರ ಕುಳಿತವರಿಗೆ ಚಿತ್ರ ಒರಟು. 2560×1440 ಇದ್ದರೆ ಸುಮಾರು 109, ಕೂದಲೆಳೆಯೂ ಸ್ಪಷ್ಟ.

ಅದಕ್ಕಿಂತ ಮುಖ್ಯ ಬಣ್ಣ. ಐಪಿಎಸ್ ಪರದೆಯನ್ನೇ ಕೇಳಿರಿ. ಬಣ್ಣಗಳ ಸಾಮಾನ್ಯ ಅಳತೆಯಾದ ಎಸ್‌ಆರ್‌ಜಿಬಿ ಶೇ. 100ರ ಸಮೀಪ ಇರಲಿ. ಇಳಕಲ್ ಸೀರೆಯ ಫೋಟೊ ಒಂದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿಸಿ ನೋಡಿರಿ. ಕೆಂಪು ಸೆರಗಿನ ನೆರಿಗೆಗಳು ಬಿಡಿಬಿಡಿಯಾಗಿ ಕಾಣಬೇಕು; ಓರೆಯಿಂದ ನೋಡಿದರೂ ಬಣ್ಣ ಮಾಸಬಾರದು.

ಪರದೆಯೇ ಸುಳ್ಳು ಹೇಳಿದರೆ ಸರಿಯಿದ್ದ ಚಿತ್ರವನ್ನೂ ಮಕ್ಕಳು ತಿದ್ದಿ ಕೆಡಿಸುತ್ತಾರೆ. ಮದುವೆಯ ಆಲ್ಬಂ ಅಚ್ಚಾಗಿ ಬಂದ ಮೇಲೆಯೇ ಅದು ಗೊತ್ತಾಗುವುದು. ಹಣ ಸಾಲದಿದ್ದರೆ 24 ಇಂಚಿನ ಒಳ್ಳೆಯ ಪರದೆಯೇ ಲೇಸು.